ಬಿಳಿಚಿದ ಮೊದಲಕ್ಷರ

ನಿರ್ಮಲಾ,

ನಿನ್ನ ಹೆಸರಿನ ‘ನಿ’ ಬಿಳಿಚಿಕೊಂಡಿದೆ. ಇವತ್ತು ತವರಿಗೆ ಬಂದ ಸ್ನೇಹಾ ಗೋಡೆಯ ಮೇಲಿನ ನಿನ್ನ ಸನ್ಮಾನಪತ್ರದ ಸುರುಳಿಯಲ್ಲಿ ಅದನ್ನು ಕಂಡಳು.

ಹಳೆಯ ಯುರೋಪಿನ ಮಠಗಳ ಪುಸ್ತಕಗಳಂತೆ ಮೊದಲಕ್ಷರವನ್ನು ಅಂಗೈಯಗಲ ಬಿಡಿಸಿ, ಬಳ್ಳಿ ಹಬ್ಬಿಸಿ, ಬಂಗಾರದ ರೇಕು ಹಚ್ಚುವ ನನ್ನ ಹುಚ್ಚು ನಿನಗೆ ಗೊತ್ತೇ ಇದೆ. ಬ್ಯಾಡಗಿ ಪೇಟೆಯವರಿಗೆಲ್ಲ ಸನ್ಮಾನಪತ್ರ ಬರೆದುಕೊಟ್ಟೆ. “ನನ್ನ ಪಾಳಿ ಯಾವಾಗ್ರಿ?” ಎಂದು ನೀನು ಕೇಳುತ್ತಿದ್ದೆ. ನಿನ್ನದನ್ನು ನೀನು ಹೋದ ಮೇಲೆ ಬರೆದೆ. ಅದಕ್ಕೆ ಅಂಗಡಿಯಿಂದ ತಂದ ಕೆಂಪು ಬಣ್ಣ ಬಳಸಲಿಲ್ಲ. ನೀನು ಕೊನೆಯ ಸಲ ತೊಟ್ಟು ಬಿಡಿಸಿಟ್ಟ ಮೆಣಸಿನಕಾಯಿಯನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ಬಣ್ಣ ತೆಗೆದು, ಬಂಗಾರದ ಅಂಚಿನೊಳಗೆ ‘ನಿ’ಗೆ ತುಂಬಿದೆ.

“ಅಪ್ಪಾ, ಬೆಳಕಿಗಿಟ್ರ ಬಣ್ಣ ಹೋಗ್ತದ ಅಂತ ಊರಿಗೆಲ್ಲ ಹೇಳೋ ಮೆಣಸಿನಕಾಯಿ ವ್ಯಾಪಾರಿ ನೀವು. ಕಿಡಕಿ ಎದುರಿಗೇ ಹಾಕೀರಲ್ಲ!” ಎಂದು ನಕ್ಕಳು. “ಅಂಗಡಿ ಬಣ್ಣ ಹಚ್ರಿ, ನಾವು ಹೋದ್ರೂ ಅದು ಇರ್ತದ.”

“ನೋಡೂಣು,” ಎಂದೆ.

ಅವಳು ಹೊರಟ ಮೇಲೆ ಸುರುಳಿಯನ್ನು ಗೋಡೆಯಿಂದ ಇಳಿಸಿ, ಅಂಗಡಿಯ ಕೆಂಪಿನ ಬಾಟಲಿ ತೆರೆದು ಕುಳಿತೆ. ನಿನ್ನ ಡಬ್ಬಿಯಲ್ಲಿ ಇನ್ನೊಂದು ಹಿಡಿ ಮೆಣಸಿನಕಾಯಿ ಇದೆ. ಅದನ್ನು ಹಚ್ಚಿದರೆ ಮತ್ತೆ ಬಿಳಿಚುತ್ತದೆ, ಡಬ್ಬಿಯೂ ಬರಿದಾಗುತ್ತದೆ. ವ್ಯಾಪಾರಿಯ ಲೆಕ್ಕದಲ್ಲಿ ಇದಕ್ಕೆ ಯೋಚನೆಯೇ ಬೇಕಿರಲಿಲ್ಲ.

ಬಾಟಲಿಯನ್ನೂ ಡಬ್ಬಿಯನ್ನೂ ಮುಚ್ಚಿಟ್ಟೆ. ಸುರುಳಿಯನ್ನು ಅದೇ ಗೋಡೆಗೆ ಹಾಕಿದೆ. ಬಂಗಾರದ ಅಂಚು ಚೆನ್ನಾಗಿಯೇ ಇದೆ, ನಡುವೆ ಏನೂ ಇಲ್ಲ.