ಏಳನೆಯ ಬಾಗಿಲಿನ ವಿಸರ್ಗ

ತಾ. ೧೪, ಶನಿವಾರ ಬೆಳಿಗ್ಗೆ

ಚಿರಂಜೀವಿ ಗುಬ್ಬಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದ.

ಒಂಬತ್ತು ವರ್ಷಗಳ ಮೇಲೆ ಬರೆಯುತ್ತಿದ್ದೇನೆ. ನೀನು ರಚಿಸಿದ ಕಂಪ್ಯೂಟರ್ ಆಟವನ್ನು ಎರಡು ತಿಂಗಳಿಂದ ಆಡುತ್ತಿದ್ದೇನೆ. ಅದರ ಬಗೆಗಿನ ಅಭಿಪ್ರಾಯವನ್ನು ತಿಳಿಸುವುದಷ್ಟೇ ಈ ಪತ್ರದ ಉದ್ದೇಶ.

ಮೊದಲು ಗುಣಗಳು. ಚಿತ್ರಗಳ ಆಡಂಬರವಿಲ್ಲದೆ, ಹಳೆಯ ಮಾದರಿಯಲ್ಲಿ, ಬರಿಯ ಅಕ್ಷರಗಳಿಂದಲೇ ಕಥೆ ನಡೆಸಿದ್ದೀಯೆ. ಓಲೆ ಹೊತ್ತ ಹೆಂಗಸೊಬ್ಬಳು ಏಳು ಬಾಗಿಲುಗಳನ್ನು ದಾಟಿ ಅದನ್ನು ತಲುಪಿಸಬೇಕು. ಆ ಪಾತ್ರ ನನ್ನದು. ವಾಕ್ಯಗಳು ಹದವಾಗಿವೆ. ಆದರೆ ಆಟದ ಕಾಠಿನ್ಯ ವಿಪರೀತ. ಎಲ್ಲಿ ಸತ್ತರೂ ಮೊದಲ ಬಾಗಿಲಿಗೇ ಹಿಂದಿರುಗಬೇಕು. ಐವತ್ತಮೂರು ಸಲ ಸತ್ತಿದ್ದೇನೆ. ನಾನು ಆಡುವುದು ಜೆರಾಕ್ಸ್ ಅಂಗಡಿಯಲ್ಲಿ. ಅದರ ಒಡತಿ ನನ್ನ ಹಳೆಯ ವಿದ್ಯಾರ್ಥಿನಿ, "ಮೇಷ್ಟ್ರೇ, ಇವತ್ತೆಷ್ಟು ಸಲ ಸತ್ರಿ?" ಎಂದು ದಿನವೂ ವಿಚಾರಿಸುತ್ತಾಳೆ. "ಅರ್ಧ ಮಾರ್ಕೂ ಬಿಡದ ಅಪ್ಪನಿಗೆ ತಕ್ಕ ಮಗಳು" ಎಂದು ನಗುತ್ತಾಳೆ.

ಏಳನೆಯ ಬಾಗಿಲಿನ ಕಾವಲುಗಾರ ಒಂದು ಒಗಟು ಹಾಕುತ್ತಾನೆ: ತಾಯಿಗುಂಟು, ಮೇಷ್ಟ್ರಿಗಿಲ್ಲ, ಏನದು? 'ಅಂತಃಕರಣ' ಎಂದು ಬರೆದೆ. "ತಪ್ಪು. ಮೊದಲಿಂದ ಬರಿ" ಎಂದು ಕೊಂದ. ಹನ್ನೊಂದು ಸಲ ಕೊಂದ. ಆ ಮಾತು ಯಾರದೆಂದು ಆಮೇಲೆ ಹೊಳೆಯಿತು.

ಹಾಸಿಗೆ ಹಿಡಿದಿದ್ದ ನಿನ್ನ ಅಮ್ಮನಿಗೆ ನೀನು ಬರೆದ ಪತ್ರದಲ್ಲಿ 'ಅಂತಕರಣ' ಎಂದಿತ್ತು. ಅದನ್ನೂ ಉಳಿದ ಹದಿನಾರು ತಪ್ಪುಗಳನ್ನೂ ಕೆಂಪು ಶಾಯಿಯಲ್ಲಿ ತಿದ್ದಿ, ಕೆಳಗೆ ಇದೇ ಮಾತು ಬರೆದು ನಿನಗೆ ಹಿಂದಿರುಗಿಸಿದ್ದೆ. ನೀನು ಮತ್ತೆ ಬರೆಯಲಿಲ್ಲ. ಅವಳು ತೀರಿಹೋದ ಮೇಲೆ ನೀನು ಬಂದೆ. ನನ್ನೊಡನೆ ಮಾತಾಡದೆ ಹೊರಟುಹೋದೆ.

ನಿನ್ನೆ ವಿಸರ್ಗವನ್ನು ಬಿಟ್ಟು ಟೈಪು ಮಾಡಿದೆ. ತಿಳಿದೂ ತಿಳಿದೂ ಮಾಡಿದ, ನನ್ನ ಜೀವಮಾನದ ಮೊದಲ ಕಾಗುಣಿತದ ತಪ್ಪು. ಬಾಗಿಲು ತೆರೆಯಿತು.

ಒಳಗೆ ಮಂಚದ ಮೇಲೆ ಹೆಂಗಸೊಬ್ಬಳು. "ನನ್ ಮಗಳ ಕಾಗದ ಬಂತಾ?" ಎನ್ನುತ್ತಾಳೆ. 'ಬಂತು', 'ಇಲ್ಲ' ಎಂಬ ಎರಡರಲ್ಲೊಂದನ್ನು ಆರಿಸಬೇಕು. ಕಥೆ ಇಲ್ಲಿ ಸಡಿಲವಾಗಿದೆಯೆಂಬುದು ನನ್ನ ಆಕ್ಷೇಪ. ಓಲೆ ಕೈಯಲ್ಲಿರುವಾಗ 'ಇಲ್ಲ' ಎಂದು ಯಾರು ತಾನೆ ಹೇಳಿಯಾರು? ಅಂಗಡಿಯಾಕೆಯೂ "ಬಂತು ಅನ್ನಿ ಮೇಷ್ಟ್ರೇ, ಮುಗೀತಲ್ಲ" ಎಂದಳು. ನಾನು ಎರಡರಲ್ಲಿ ಯಾವುದನ್ನೂ ಆರಿಸಲಿಲ್ಲ. ಹಾಗೆಯೇ ಎದ್ದು ಬಂದೆ.

ನೀನು ಉತ್ತರ ಬರೆದರೆ, ಹೇಗೆ ಬರೆದಿದ್ದರೂ, ಇದ್ದಂತೆಯೇ ಓದುತ್ತೇನೆ.

ಇಂತು,
ನಿನ್ನ ಅಪ್ಪ

ತಾ.ಕ.: ಮೇಲಿನ ಆಕ್ಷೇಪವನ್ನು ಹಿಂತೆಗೆದುಕೊಂಡಿದ್ದೇನೆ. ನಿನ್ನ ಅಮ್ಮನಿಗೆ ಕಣ್ಣು ಮಂಜಾಗಿತ್ತು. ಆ ಪತ್ರವನ್ನು ನಾನೇ ಓದಿ ಹೇಳಬೇಕಿತ್ತು. ತಿದ್ದಿದ ಪ್ರತಿ ಬರಲಿ, ಆಗ ಓದಿದರಾಯಿತು ಎಂದುಕೊಂಡೆ. ಅವಳು ದಿನವೂ ಕೇಳುತ್ತಿದ್ದಳು. ನಾನು ದಿನವೂ 'ಇಲ್ಲ' ಎಂದೆ.