ಹೆಬ್ಬೆಟ್ಟಿನ ಕೆಳಗಿನ ಬಟನ್

೧೦ ಫೆಬ್ರುವರಿ, ಸೋಮವಾರ. ಮೂಡಲಗಿ ಆಫೀಸು

ಚಹಾ ಎರಡು. ಫೋನು ನಲವತ್ತೊಂದು. ಎಲ್ಲರದೂ ಒಂದೇ ಮಾತು: "ಆ್ಯಪಿನ್ಯಾಗ ಒತ್ತೇನ್ರಿ, ಏನೂ ಆಗವಲ್ದು."

ಆಗಿರುತ್ತದೆ. ಅರಿಶಿನ ಕುದಿಸುವ ಮಷಿನ್ ಬುಕ್ ಆಗಿರುತ್ತದೆ. ಆದರೆ ನಾನು ಮಾಡಿದ ಬಟನ್ ಒತ್ತಿದರೂ ಒತ್ತದಿದ್ದರೂ ಒಂದೇ ಥರ ಕೂತಿರುತ್ತದೆ. ಮೇಲವಂಕಿಯ ಸೋಮಪ್ಪ ನಿನ್ನೆ ಅನುಮಾನ ಬಂದು ಮೂರು ಸಲ ಒತ್ತಿದ್ದಾರೆ. ಇವತ್ತು ಬೆಳಿಗ್ಗೆ ನಮ್ಮ ಮೂರೂ ಮಷಿನ್ ಅವರ ಕಣದಲ್ಲಿ ಸಾಲಾಗಿ ನಿಂತವು. ಪಾಪ, ಮೂವರು ಡ್ರೈವರಿಗೂ ಉಪ್ಪಿಟ್ಟು ಮಾಡಿಸಿದರಂತೆ.

ನೇಮಿನಾಥ ಕಾಕಾ — ಮಷಿನ್‌ಗಳ ಮಾಲೀಕರು, ನನಗೂ — ಕನ್ನಡಕ ಒರೆಸುತ್ತ ಹೇಳಿದರು: "ಪ್ರಣಿತಾ, ಇಪ್ಪತ್ತೆಂಟರೊಳಗ ಫೋನ್ ದಿನಕ್ಕ ಹತ್ತಕ್ಕ ಇಳೀಬೇಕು. ಇಲ್ಲಂದ್ರ ಆ್ಯಪ್ ಬಂದ್. ನೀ ಫೋನ್ ಎತ್ತಾಕ ಕುಂದ್ರು."

ಎರಡು ವರ್ಷ ಒಬ್ಬಳೇ ಕೂತು ಕಟ್ಟಿದ ಆ್ಯಪ್. ಸಿಟ್ಟು ಬಂತು. ಹೆದರಿಕೆಯೂ ಆಯಿತು.

೧೨ ಫೆಬ್ರುವರಿ, ಸಂಜೆ ೬

ಬಟನ್‌ಗೆ ಅನಿಮೇಷನ್ ಹಾಕಿದೆ. ಬೆರಳು ತಾಗಿದರೆ ಚೂರು ಕುಗ್ಗುತ್ತದೆ, ಬಿಟ್ಟರೆ ಪುಟಿದು ನಿಲ್ಲುತ್ತದೆ. ಎರಡನೇ ಸಲ ಒತ್ತಿದರೆ ಲೆಕ್ಕಕ್ಕಿಲ್ಲ, ಒಬ್ಬರಿಗೆ ಒಂದೇ ಮಷಿನ್. ನಾನೇ ಇನ್ನೂರು ಸಲ ಒತ್ತಿ ನೋಡಿದೆ. ಎಷ್ಟು ನಾಜೂಕು...

ಕಾಕಾ ನನ್ನ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಇದ್ಯಾಕವಾ ಹಿಂಗ ಬೆಚ್ಚಿಬೀಳಾಕತ್ತೈತಿ?"

ಫೋನು ವಾಪಸ್ ಇಸಿದುಕೊಂಡು ಬಂದೆ.

೧೫ ಫೆಬ್ರುವರಿ, ಶನಿವಾರ

ಫೋನು ನಲವತ್ನಾಲ್ಕು. ಏರಿದೆ.

ಕಣ್ಣಾರೆ ನೋಡೋಣವೆಂದು ಬೆಲ್ಲದ ಬಾಗೇವಾಡಿಗೆ ಹೋದೆ. ಕಾಶೆವ್ವ ಎಂಬ ರೈತ ಹೆಂಗಸು. ಎರಡು ಎಕರೆ ಅರಿಶಿನ, ಸ್ವಂತ ಮೊಬೈಲು. ಒತ್ತಿ ತೋರಿಸಿ ಎಂದೆ. ಮೊದಲು ಹೆಬ್ಬೆಟ್ಟನ್ನು ತಲೆಗೂದಲಿಗೆ ತಿಕ್ಕಿಕೊಂಡರು. ಆಮೇಲೆ ಬಟನ್ ಮೇಲೆ ಗಟ್ಟಿಯಾಗಿ ಊರಿದರು. ಊರಿಯೇ ಇದ್ದರು. ನನ್ನ ಮುಖ ನೋಡಿದರು.

"ಬೆರಳ ಎತ್ತರಿ, ಅವ್ವಾ."

"ಎತ್ತಿದ್ರ ಹೆಂಗವಾ? ರೇಷನ್ ಅಂಗಡ್ಯಾಗ ಎತ್ತಿದ್ರ ಮತ್ತ ಮೊದಲಿಂದ ಒತ್ತಸ್ತಾರ."

ಆಗ ಹೊಳೆಯಿತು. ಇವರಿಗೆಲ್ಲ ಒತ್ತುವುದೆಂದರೆ ರೇಷನ್ ಅಂಗಡಿಯ ಹೆಬ್ಬೆಟ್ಟು ಮಷಿನ್. ಬೆರಳಿಗೆ ಕೂದಲಿನ ಎಣ್ಣೆ ತಾಗಿಸಿ, ಅದು ಒಪ್ಪುವತನಕ ಹಿಡಿಯಬೇಕು. ನನ್ನ ಆ್ಯಪ್ ಅಷ್ಟು ಹೊತ್ತು ಹಿಡಿದರೆ ಒತ್ತಿದ್ದೇ ಸುಳ್ಳು ಎನ್ನುತ್ತದೆ; ಎಷ್ಟೋ ಜನರದು ಬುಕ್ಕೇ ಆಗಿರಲಿಕ್ಕಿಲ್ಲ. ಇನ್ನು ನನ್ನ ನಾಜೂಕಿನ ಅನಿಮೇಷನ್? ಅದು ಪೂರ್ತಿ ಹೆಬ್ಬೆಟ್ಟಿನ ಕೆಳಗೆ. ಯಾರೂ ನೋಡಿಯೇ ಇಲ್ಲ.

"ಹೋಗ್ಲಿ ಬಿಡವಾ," ಎಂದರು ಕಾಶೆವ್ವ. "ಮೈದುನನ ಕೈಕಾಲ ಹಿಡೀತೇನಿ. ಅಂವ ಫೋನ್ ಹಚ್ಚತಾನ."

ಬಸ್ಸಿನಲ್ಲಿ ನಾಚಿಕೆಯಾಯಿತು. ತುಂಬಾ.

೨೪ ಫೆಬ್ರುವರಿ, ಸೋಮವಾರ

ಒಂಬತ್ತು ದಿನ ಬರೆದಿಲ್ಲ. ಹಳೆಯದನ್ನೆಲ್ಲ ಕಿತ್ತೆಸೆದೆ. ಈಗ ಬಟನ್ ಪರದೆಯ ಅಗಲಕ್ಕೂ ಇದೆ. ಹೆಬ್ಬೆಟ್ಟು ಊರಿದರೆ ಅರಿಶಿನ ಬಣ್ಣ ಎಡದಿಂದ ಬಲಕ್ಕೆ ತುಂಬುತ್ತ ಹೋಗುತ್ತದೆ. ಎರಡು ಸೆಕೆಂಡು. ತುಂಬಿದರೆ ಫೋನು ಗುರ್ ಎನ್ನುತ್ತದೆ, 'ಆತು' ಎಂದು ಬರುತ್ತದೆ. ನಡುವೆ ಎತ್ತಿದರೆ ಬಣ್ಣ ಇಳಿದುಹೋಗುತ್ತದೆ.

ಇವತ್ತು ಎಲ್ಲರ ಫೋನಿಗೂ ಕಳಿಸಿದೆ. ಇನ್ನು ನಾಲ್ಕೇ ದಿನ.

೨೮ ಫೆಬ್ರುವರಿ, ಶುಕ್ರವಾರ, ಮಧ್ಯಾಹ್ನ ೪

ಕಾಕಾ ಇವತ್ತು ತಾವೇ ಫೋನ್ ಮುಂದೆ ಕೂತರು. ಬಂದ ಪ್ರತಿ ಫೋನಿಗೂ ಒಂದು ಗೀಟು. ಹನ್ನೊಂದು ಗಂಟೆಗೇ ಹತ್ತು ದಾಟಿತು. ಮೂರಕ್ಕೆ ಐವತ್ತೆರಡು. ಆ್ಯಪ್ ಬಂದ್ ಆಯಿತು ಎಂದುಕೊಂಡೆ.

ಆದರೆ ಕಾಕಾ ಬರೀ "ಹೂಂ... ಹೂಂ... ಹೌದೇನ್ರಿ" ಎನ್ನುತ್ತಿದ್ದಾರೆ. ಹತ್ತಿರ ಹೋಗಿ ಕೇಳಿಸಿಕೊಂಡೆ. ಸೋಮಪ್ಪ.

"ಒತ್ತೇನ್ರಿ, ತುಂಬೇತ್ರಿ, ಗುರ್ ಅಂತ್ರಿ. ಹೇಳೂಣಂತ ಫೋನ್ ಹಚ್ಚಿನ್ರಿ."

ಐವತ್ತೆರಡೂ ಹಾಗೇ. ಬಟನ್ ಕೆಲಸ ಮಾಡಿತೆಂದು ಹೇಳಲಿಕ್ಕೆ ಫೋನ್. ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಐವತ್ಮೂರನೆಯದು ಕಾಶೆವ್ವನದು. ದನಿ ಇಡೀ ಆಫೀಸಿಗೆ ಕೇಳುತ್ತಿತ್ತು. "ಮಾಲಕರ ಏನ್ರಿ? ಈ ಸಲ ಮೈದುನನ ಮುಂದ ನಿಂದರಲಿಲ್ರಿ. ನಾನ ಒತ್ತೇನಿ. ಆ ಹುಡುಗಿಗೆ ಹೇಳ್ರಿ."

ಕಾಕಾ ಗೀಟು ಎಳೆಯಲಿಲ್ಲ. ಪೆನ್ನಿನ ಟೋಪಿ ಹಾಕಿದರು.

"ಆ್ಯಪ್ ಇರ್ಲಿ, ನೀ ನೋಡ್ಕೊ. ಫೋನ್ ನಾನ ಎತ್ತತೇನಿ," ಎಂದರು. ಆಮೇಲೆ ಮೆಲ್ಲಗೆ, "ನನ್ನ ಮೊಬೈಲಿಗೂ ಅದನ್ನ ಹಾಕವಾ."

ಹಾಕಿಕೊಟ್ಟು ಬಂದು ಕೂತೆ. ಖುಷಿಗೆ ಇದನ್ನು ಬರೆಯುತ್ತಿದ್ದೇನೆ. ಕಾಕಾ ಒಳಗೆ ಒಬ್ಬರೇ ಇದ್ದಾರೆ. ಗುರ್ ಎಂದ ಸದ್ದು ಇಲ್ಲಿಗೂ ಬಂತು.

ಅಂಗಳದಲ್ಲಿ ಟ್ರ್ಯಾಕ್ಟರ್ ಚಾಲೂ ಆಯಿತು. ಡ್ರೈವರ್ ದುರ್ಗೇಶ, ಹಿಂದೆ ಮಷಿನ್ ಕಟ್ಟಿಕೊಂಡು. ಎಲ್ಲಿಗೆ ಎಂದು ಕಿಟಕಿಯಿಂದ ಕೂಗಿದೆ.

"ಕಾಕಾರ ಮನಿಗ್ರಿ. ಈಗ ಬುಕಿಂಗ್ ಬಂದೈತಿ."

ಆ ಓಣಿಯಲ್ಲಿ ಸೈಕಲ್ ತಿರುಗುವುದೇ ಕಷ್ಟ. ಓಡಬೇಕು, ಉಳಿದದ್ದು ಆಮೇ—