ಎರಡನೇ ಟಿಪ್ಪಣಿ ಓದಿ ಸಹಿ ಮಾಡಿ

ಆಫೀಸು,
ಜೂನ್ ೨೧, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತಿಗೆಗೆ,

ನಮಸ್ಕಾರ. ‘ಉಭಯ ಕುಶಲೋಪರಿ’ ಎಂದು ಬರೆಯಲು ಹೋಗಿ ಪೆನ್ನು ತಡೆಯಿತು. ಅಲ್ಲಿ ನೀವು, ಬಾಣಂತಿ ಮಗಳು, ಅವಳಿ ಕೂಸುಗಳು ಚೆನ್ನಾಗಿದ್ದೀರೆಂದು ಫೋನಿನಲ್ಲೇ ಗೊತ್ತಾಗಿದೆ. ಇಲ್ಲಿಯ ಕುಶಲ ಅಷ್ಟಕ್ಕಷ್ಟೇ. ಅದನ್ನೂ ಫೋನಿನಲ್ಲೇ ಹೇಳೋಣವೆಂದರೆ ನಾನು ಬಾಯಿ ತೆರೆಯುವಷ್ಟರಲ್ಲಿ ಎರಡರಲ್ಲೊಂದು ಮಗು ರಾಗ ಎಳೆಯುತ್ತದೆ. ನಿಮ್ಮ ಕಿವಿ ಅತ್ತ ಹೋಗುತ್ತದೆ, ನನ್ನ ಧೈರ್ಯ ಇತ್ತ ಹೋಗುತ್ತದೆ. ಅದಕ್ಕೇ ಈ ಕಾಗದ.

ಜೊತೆಗಿರುವ ದಪ್ಪ ಲಕೋಟೆಯಲ್ಲಿ ಕಂಪನಿಯ ಈ ವರ್ಷದ ಲೆಕ್ಕಪತ್ರ ಇದೆ. ಅಣ್ಣನ ಸಹಿ ಆಗಿದೆ. ಇನ್ನೊಬ್ಬ ಡೈರೆಕ್ಟರ್ ನೀವು, ನಿಮ್ಮದಾಗಬೇಕು. ಹದಿನೇಳು ವರ್ಷದಿಂದ ನಾನು ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆಯೆಲ್ಲ ನೀವು ಸಹಿ ಮಾಡುತ್ತ ಬಂದಿದ್ದೀರಿ. ಒಲೆಯ ಮೇಲೆ ಹಾಲಿಟ್ಟು, ಒದ್ದೆ ಕೈ ಒರೆಸಿಕೊಂಡು ಬಂದು, “ಎಲ್ಲಿ ಚಿಕ್ಕೀ, ಇಲ್ಲೇನಾ? ಬೇಗ ಹೇಳು, ಹಾಲು ಉಕ್ಕತ್ತೆ” ಅನ್ನುತ್ತಿದ್ದಿರಿ. ಒಂದು ಸಲವೂ ಪುಟ ತಿರುಗಿಸಿ ನೋಡಿದವರಲ್ಲ. ಈ ಸಲ ನಾನು ಪೆನ್ಸಿಲ್ ಗುರುತು ಹಾಕಿಲ್ಲ. ಮೊದಲು ಎಂಟನೇ ಪುಟದ ಎರಡನೇ ಟಿಪ್ಪಣಿ ಓದಿ. ಲೆಕ್ಕ ಬರೆಯುವಾಗ ನಾವು ಪಾಲಿಸುವ ನೀತಿಗಳು ಅಲ್ಲಿವೆ. ಓದಿದ ಮೇಲೆ ಎಲ್ಲಿ ಸಹಿ ಮಾಡಬೇಕೆಂದು ನಿಮಗೇ ತಿಳಿಯುತ್ತದೆ.

ಆ ನೀತಿಗಳನ್ನು ಮೊದಲ ಸಲ ಬರೆದದ್ದು ನಿಮ್ಮ ಅಡುಗೆಮನೆಯ ಮೇಜಿನ ಮೇಲೆ. ನಿಮಗೆ ನೆನಪಿದೆಯೋ ಇಲ್ಲವೋ. ಅಣ್ಣ ನೌಕರಿ ಬಿಟ್ಟು, ಸದ್ದು ಅಳೆಯುವ ಒಂದೇ ಒಂದು ಯಂತ್ರ ಕೊಂಡು, ಕಾರ್ಖಾನೆಗಳಿಗೆ ಹೋಗಿ ಸದ್ದು, ಧೂಳು ಅಳೆದು, ಅದನ್ನು ತಗ್ಗಿಸುವುದು ಹೇಗೆಂದು ಸಲಹೆ ಕೊಡುವ ಕೆಲಸ ಶುರು ಮಾಡಿದ್ದ. ಮೊದಲ ವರ್ಷದ ಲೆಕ್ಕ. ಮುಂಗಡ ಕೊಟ್ಟ ಒಬ್ಬ ಗಿರಾಕಿಯ ಕೆಲಸ ಇನ್ನೂ ಅರ್ಧವೂ ಆಗಿರಲಿಲ್ಲ. ಪೂರ್ತಿ ಆದಾಯ ಎಂದು ಬರೆಯೋಣ ಎಂದ ಅಣ್ಣ. ನೀವು ಸಿಂಕಿನ ಹತ್ತಿರದಿಂದ ತಿರುಗಿ ಕೂಡ ನೋಡದೆ, “ಮಾಡದೇ ಇರೋ ಕೆಲಸಕ್ಕೆ ಕೂಲಿ ಹೆಂಗ್ರೀ ಬರಕೋತೀರಾ?” ಎಂದಿರಿ. ನಾನು ಅದನ್ನೇ ಸ್ವಲ್ಪ ಬಿಗಿಯಾದ ಭಾಷೆಯಲ್ಲಿ ಬರೆದೆ: ಯಾವ ವರ್ಷ ಎಷ್ಟು ಕೆಲಸ ಮುಗಿದಿದೆಯೋ ಆ ವರ್ಷ ಅಷ್ಟೇ ಆದಾಯ. ಅದರ ಕೆಳಗೆ ಇನ್ನೆರಡು ನೀತಿ ನಾನೇ ಸೇರಿಸಿದೆ. ಯಂತ್ರಗಳ ಬೆಲೆಯನ್ನು ವರ್ಷವರ್ಷವೂ ಇಷ್ಟಿಷ್ಟು ತಗ್ಗಿಸುತ್ತ ಐದು ವರ್ಷದಲ್ಲಿ ಸವೆಸಬೇಕು. ಒಂದು ವರ್ಷ ದಾಟಿಯೂ ಬಾರದ ಬಾಕಿಯನ್ನು ಬರುವುದಿಲ್ಲವೆಂದೇ ತಿಳಿದು, ನಷ್ಟಕ್ಕೆ ಬರೆದು ತೆಗೆದುಹಾಕಬೇಕು. ಇಷ್ಟೇ. ಅಂದಿನಿಂದ ಪ್ರತಿ ವರ್ಷ ಅದೇ ಸಾಲುಗಳು, ದಿನಾಂಕ ಮಾತ್ರ ಬದಲು.

ಕಳೆದ ವರ್ಷ ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆ ಬಿಟ್ಟು ಈ ಗಾಜಿನ ಗೋಡೆಗಳ ಆಫೀಸಿಗೆ ಬಂದೆವಲ್ಲ, ಅಲ್ಲಿಂದಲೇ ಅಣ್ಣನ ನಿದ್ದೆ ಕೆಟ್ಟಿತು. ಬಾಡಿಗೆ ಮೂರು ಪಟ್ಟು. ಹೊಸ ಯಂತ್ರಗಳ ಸಾಲಕ್ಕೆ ನಿಮ್ಮ ಹೆಸರಿನ ಮನೆಯೇ ಅಡವು. ಹನ್ನೊಂದು ಜನರ ಸಂಬಳ. ಬರುತ್ತದೆಂದು ಕಾದಿದ್ದ ಮೂರು ಕೆಲಸ ಬರಲಿಲ್ಲ. ಹೋದ ನವೆಂಬರಿನಲ್ಲಿ ಕಾಗದದ ಗಿರಣಿಯ ದೊಡ್ಡ ಕೆಲಸ ಸಿಕ್ಕಿತು, ಮೂರು ವರ್ಷಕ್ಕೆ ಮೂವತ್ತಾರು ಲಕ್ಷ. ಅಂದು ಅಣ್ಣ ಎಲ್ಲರಿಗೂ ಕೇಕ್ ತರಿಸಿದ. ಅವನು ನಕ್ಕದ್ದು ನೋಡಿ ಬಹಳ ದಿನ ಆಗಿತ್ತು.

ವರ್ಷದ ಲೆಕ್ಕ ಮುಗಿಯುವ ಹೊತ್ತಿಗೆ ನನ್ನ ಕಣ್ಣು, ಬೆನ್ನು ಎರಡೂ ಸೋತಿದ್ದವು. ಐವತ್ತನಾಲ್ಕು ತುಂಬಿತು ನನಗೆ ಅತ್ತಿಗೆ. ಅಂಕಿಗಳು ಮೊದಲಿನ ಹಾಗೆ ಸಾಲಾಗಿ ನಿಲ್ಲುವುದಿಲ್ಲ, ಸಂಜೆಯಾದರೆ ಇರುವೆಗಳ ಹಾಗೆ ಹರಿದಾಡುತ್ತವೆ. ಹೇಗೆ ಕೂಡಿದರೂ ಹನ್ನೊಂದು ಲಕ್ಷ ನಷ್ಟ. ಅಣ್ಣನಿಗೆ ತೋರಿಸಿದೆ. ಅವನು ಬಹಳ ಹೊತ್ತು ನೋಡಿ ಹೇಳಿದ:

“ಗಿರಣಿದು ನಾಲ್ಕೇ ಲಕ್ಷ ಹಾಕಿದೀಯಲ್ಲ?”

ಕೆಲಸ ಆಗಿರುವುದು ನಾಲ್ಕು ತಿಂಗಳದ್ದು, ಅದಕ್ಕೆ ನಾಲ್ಕು ಲಕ್ಷ ಎಂದೆ.

“ಮೂವತ್ತಾರೂ ಹಾಕು. ಸಹಿ ಮಾಡಿದಾರೆ, ದುಡ್ಡು ಎಲ್ಲಿಗೆ ಹೋಗತ್ತೆ? ಪಾಲಿಸಿ ಬದಲಾಯಿಸಿದೀವಿ ಅಂತ ಒಂದು ಸಾಲು ಬರಿ. ಒಪ್ಪಂದ ಆದ ದಿನವೇ ಆದಾಯ.”

ನಾನು ವಾದ ಮಾಡಿದೆ. ಆದರೆ ಹೊಟ್ಟೆ ತುಂಬಿದವರ ವಾದದ ಹಾಗೆ ಅದಕ್ಕೆ ಬಿಸಿ ಇರಲಿಲ್ಲ. ಅವನು ಕೂಗಾಡಲಿಲ್ಲ. “ಹನ್ನೊಂದು ಮನೆ ನಡೀಬೇಕು ಚಿಕ್ಕೀ, ನಂಗೂ ಸಾಕಾಗಿದೆ” ಎಂದಷ್ಟೇ ಹೇಳಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. ನಾನು ಹಾಗೇ ಬರೆದೆ. ಒಂದು ಸಾಲು ಬದಲಾದದ್ದಕ್ಕೆ ಹನ್ನೊಂದು ಲಕ್ಷದ ನಷ್ಟ ಇಪ್ಪತ್ತೊಂದು ಲಕ್ಷದ ಲಾಭವಾಯಿತು. ಒಬ್ಬ ಮನುಷ್ಯ ಒಂದು ಗಂಟೆಯೂ ಹೆಚ್ಚು ದುಡಿಯಲಿಲ್ಲ, ಒಂದು ಪೈಸೆಯೂ ಒಳಗೆ ಬರಲಿಲ್ಲ.

ಆಡಿಟರ್ ಕಚೇರಿಯಿಂದ ಬರುವ ಹುಡುಗಿಯನ್ನು ನೀವು ನೋಡಿಲ್ಲ. ಮೂವತ್ತರೊಳಗಿನವಳು, ಮಾತು ಕಮ್ಮಿ. ಯಾಕೆ ಬದಲಾಯಿಸಿದಿರಿ ಎಂದು ಕೇಳಿದಳು. ನನ್ನ ಬದಲು ಅಣ್ಣ ಉತ್ತರಿಸಿದ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಮತ್ತೆ ಬರುತ್ತೇನೆ ಎಂದು ಹೇಳಿ ಹೋದಳು.

ನಾನು ಹಾಗೇ ಸುಮ್ಮನಿದ್ದುಬಿಡುತ್ತಿದ್ದೆನೋ ಏನೋ. ನನ್ನನ್ನು ಎಬ್ಬಿಸಿದವರು ನಮ್ಮ ಮೇಷ್ಟ್ರು. ಮೊದಲು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು, ಈಗ ಹನ್ನೆರಡು ವರ್ಷದಿಂದ ನಮ್ಮಲ್ಲಿ ಎಂಜಿನಿಯರ್, ನಿಮಗೆ ಗೊತ್ತಿರುವವರೇ. ಅಣ್ಣ ಅವರನ್ನು ಪಾಲುದಾರರಾಗಲು ಕೇಳಿದ್ದಾನೆಂದು ನನಗೆ ತಿಳಿದಿರಲಿಲ್ಲ. ಒಂದು ಬೆಳಿಗ್ಗೆ ಮೇಷ್ಟ್ರು ನನ್ನ ಮೇಜಿನ ಎದುರು ಕೂತು ಹೇಳಿದರು. ಮಗಳ ಓದಿಗೆಂದು ಇಟ್ಟಿದ್ದ ನಿವೇಶನ ಮಾರಿದ್ದಾರಂತೆ. ಮುಂದಿನ ವಾರ ಅಷ್ಟೂ ಹಣವನ್ನು ಕಂಪನಿಗೆ ಹಾಕುತ್ತಾರಂತೆ. ಲೆಕ್ಕಪತ್ರ ನೋಡಿದಿರಾ ಎಂದು ಕೇಳಿದೆ.

“ಸಾರ್ ಕೊಟ್ರು. ಲಾಭ ಇಪ್ಪತ್ತೊಂದು ಅಂತ ನೋಡ್ದೆ, ಮಡಚಿಟ್ಟೆ. ಬರೆದಿರೋರು ನೀವಲ್ವಾ ಮೇಡಂ, ನಾನು ಇನ್ನೇನು ಓದ್ಲಿ?”

ಅತ್ತಿಗೆ, ಯಾರಾದರೂ ಬೈದರೆ ತಡೆದುಕೊಳ್ಳಬಹುದು. ಈ ಮಾತನ್ನು ತಡೆಯಲಾಗಲಿಲ್ಲ. ಎದ್ದು ಬಾಗಿಲು ಮುಂದೆ ಮಾಡಿ (ಗಾಜಿನ ಬಾಗಿಲು, ಮುಚ್ಚಿದರೂ ತೆರೆದರೂ ಒಂದೇ) ಎರಡನೇ ಟಿಪ್ಪಣಿ ತೆಗೆದು ಅವರ ಮುಂದಿಟ್ಟೆ. ಹಳೆಯ ನೀತಿಯ ಪ್ರಕಾರ ಎಷ್ಟು, ಹೊಸದರ ಪ್ರಕಾರ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ತೋರಿಸಿದೆ. ಮೇಷ್ಟ್ರು ಅದನ್ನು ಎರಡು ಸಲ ಓದಿದರು. ಸಿಟ್ಟಾಗಲಿಲ್ಲ.

“ಈ ತಿಂಗಳ ಸಂಬಳ ಬರತ್ತಾ?” ಎಂದು ಕೇಳಿದರು. ಬರುತ್ತದೆ ಎಂದೆ. “ಮುಂದಿನ ತಿಂಗಳದ್ದು?” ಎಂದರು. ಗೊತ್ತಿಲ್ಲ ಎಂದೆ. ಹಾಳೆಯನ್ನು ನನಗೇ ವಾಪಸು ಕೊಟ್ಟು, “ಇದು ನನ್ನ ಹತ್ರ ಇರೋದು ಬೇಡ, ನಿಮಗೆ ಕಷ್ಟ ಆಗತ್ತೆ” ಎಂದು ಹೇಳಿ ಎದ್ದು ಅಣ್ಣನ ಕೋಣೆಗೆ ಹೋದರು. ಸದ್ಯಕ್ಕೆ ಹಣ ಹಾಕಲಾರೆ ಎಂದರಂತೆ. ಕಾರಣ ಹೇಳಲಿಲ್ಲವಂತೆ. ಆದರೆ ಅಣ್ಣನಿಗೆ ತಿಳಿಯಲು ಕಾರಣ ಬೇಕಿರಲಿಲ್ಲ. ಆ ಸಾಲು ಗೊತ್ತಿದ್ದವರು ಆಫೀಸಿನಲ್ಲಿ ಇಬ್ಬರೇ.

ಅಂದು ಅವನು ನನ್ನ ಮೇಲೆ ಹರಿಹಾಯ್ದ. ಗಾಜಿನ ಗೋಡೆ, ಎಲ್ಲರೂ ನೋಡುತ್ತಿದ್ದರು, ಕೇಳಿಸದವರಿಗೂ ಕಾಣಿಸುತ್ತಿತ್ತು.

“ಒಂದೇ ಮನೇಲಿದ್ದು ಬೆನ್ನಿಗೆ ಚೂರಿ ಹಾಕ್ತೀಯಾ? ಹೋದ ವರ್ಷ ಲಾಭ ಇತ್ತಲ್ಲ! ಆರು ಲಕ್ಷ, ನೀನೇ ನಿನ್ನ ಕೈಯಾರೆ ಬರ್ದು ಕೊಟ್ಟಿದ್ದೆ. ಒಂದೇ ವರ್ಷಕ್ಕೆ ಎಲ್ಲಿ ಹೋಯ್ತು? ಯಾರು ತಿಂದ್ರು?”

ನಾನು ಮೇಜಿನ ಮೇಲಿದ್ದ ರಬ್ಬರನ್ನು ಎತ್ತಿ ಇನ್ನೊಂದು ಕಡೆ ಇಟ್ಟೆ, ಮತ್ತೆ ಎತ್ತಿ ಇದ್ದಲ್ಲೇ ಇಟ್ಟೆ.

ಆಮೇಲೆ ಒಂಬತ್ತು ದಿನ ಮಾತಿಲ್ಲ ಕತೆಯಿಲ್ಲ. ನೀವಿಲ್ಲದ ಮನೆಯಲ್ಲಿ ನಾವಿಬ್ಬರೇ. ನಾನು ಮಾಡಿಟ್ಟದ್ದನ್ನು ಅವನು ನಿಂತುಕೊಂಡೇ ತಿನ್ನುತ್ತಿದ್ದ, ಬಸ್ಸಿಗೆ ಹೊತ್ತಾದವನ ಹಾಗೆ. ಅವನ ಸಕ್ಕರೆ ಮಾತ್ರೆಗಳನ್ನು ಎಣಿಸಿ ತಟ್ಟೆಯ ಪಕ್ಕ ಇಡುತ್ತಿದ್ದೆ. ನುಂಗುತ್ತಿದ್ದ, ನನ್ನ ಕಡೆ ನೋಡುತ್ತಿರಲಿಲ್ಲ. ಚಿಕ್ಕವರಿದ್ದಾಗ ಎರಡು ದಿನಕ್ಕಿಂತ ಹೆಚ್ಚು ಮಾತು ಬಿಟ್ಟವರಲ್ಲ ನಾವು. ಹಳೆಯ ನೀತಿಯ ಪ್ರಕಾರ ಇನ್ನೊಂದು ಪ್ರತಿ ತಯಾರಿಸಿ ಅವನ ಮೇಜಿನ ಮೇಲಿಟ್ಟೆ, ಜೊತೆಗೆ ನನ್ನ ರಾಜೀನಾಮೆಯನ್ನೂ. ಬೇಕಾದ್ದನ್ನು ಆರಿಸಿಕೊಳ್ಳಲಿ ಎಂದು.

ಶುಕ್ರವಾರ ಊಟದ ಹೊತ್ತಿಗೆ ಬಂದು ನನ್ನ ಎದುರು ಕೂತ. ಆ ಒಂಬತ್ತು ದಿನದಲ್ಲಿ ಅವನು ಸುಮ್ಮನಿರಲಿಲ್ಲ. ಗಿರಣಿಗೆ ಹೋಗಿ ಅಲ್ಲಿಯ ಮ್ಯಾನೇಜರನ್ನು ಕಂಡು ಬಂದಿದ್ದ. ಅವರು ಯಾವಾಗ ಬೇಕಾದರೂ ಮೂರು ತಿಂಗಳ ನೋಟಿಸು ಕೊಟ್ಟು ಕೆಲಸ ನಿಲ್ಲಿಸಬಹುದಂತೆ, ಒಪ್ಪಂದದಲ್ಲೇ ಇದೆಯಂತೆ. “ನಾನೇ ಸಹಿ ಮಾಡಿದೀನಿ, ಓದಿರಲಿಲ್ಲ” ಎಂದು ನಕ್ಕ. ನಗುವಲ್ಲ ಅದು. ನಷ್ಟ ತೋರಿಸುವ ಪ್ರತಿ ತೆಗೆದು ನನ್ನೆದುರೇ ಸಹಿ ಹಾಕಿದ. ರಾಜೀನಾಮೆಯನ್ನು ಹರಿಯಲಿಲ್ಲ, ಜೇಬಿನಲ್ಲಿಟ್ಟುಕೊಂಡ.

ಬುಧವಾರ ಬ್ಯಾಂಕಿಗೆ ಹೋಗುತ್ತಾನೆ. ಈ ಲೆಕ್ಕಪತ್ರ ನೋಡಿದರೆ ಅವರು ಸಾಲ ಹೆಚ್ಚಿಸುವುದಿಲ್ಲ. ಕಂತಿಗೆ ಹೆಚ್ಚು ಸಮಯ ಕೊಟ್ಟರೆ ಅದೇ ದೊಡ್ಡದು. ಈ ಆಫೀಸು ಬಿಟ್ಟು ಮತ್ತೆ ಎರಡು ಕೋಣೆಗೆ ಹೋಗುವುದು ನಿಶ್ಚಯವಾಗಿದೆ. ನಾಲ್ಕು ಜನರನ್ನು ಕಳಿಸಬೇಕಾಗುತ್ತದೆ, ಯಾರೆಂದು ಪಟ್ಟಿ ಮಾಡುವ ಕೆಲಸವೂ ನನ್ನ ಪಾಲಿಗೇ ಬಂದಿದೆ. ಮೇಷ್ಟ್ರು ಇರುತ್ತಾರೆ. ನಿಮ್ಮ ಮನೆ ಉಳಿಯುತ್ತದೆ ಎಂದು ನಾನು ಮಾತು ಕೊಡಲಾರೆ. ನಿಮಗೆ ಇದನ್ನೆಲ್ಲ ಹೇಗೆ ಹೇಳುವುದು ಎಂದು ಅಣ್ಣನನ್ನು ಕೇಳಿದೆ. “ನೀನೇ ಬರಿ. ನಂಗೆ ಆಗಲ್ಲ” ಎಂದ.

ಆದ್ದರಿಂದ ಬರೆದೆ. ನೀವು ಸಹಿ ಮಾಡದೆ ಕಾಗದ ಹಿಂದೆ ಕಳಿಸಿದರೂ ನಾನು ತಪ್ಪು ತಿಳಿಯುವುದಿಲ್ಲ. ಮನೆ ನಿಮ್ಮದು. ಆದರೆ ಸಿಂಕಿನ ಹತ್ತಿರ ನಿಂತು ಅಂದು ನೀವು ಹೇಳಿದ ಮಾತೇ ಎರಡನೇ ಟಿಪ್ಪಣಿಯಲ್ಲಿ ಮತ್ತೆ ಇದೆ. ನಿಮ್ಮ ಮಾತಿಗೆ ನೀವು ಸಹಿ ಮಾಡುತ್ತೀರಿ ಎಂದು ನನ್ನ ನಂಬಿಕೆ.

ಇಲ್ಲಿ ಭಾನುವಾರದ ಆಫೀಸು ಖಾಲಿ. ಪಕ್ಕದ ಕೋಣೆಯಲ್ಲಿ ಅಣ್ಣ ಯಂತ್ರಗಳನ್ನು ಒರೆಸಿ ಡಬ್ಬಿಗೆ ತುಂಬುತ್ತಿದ್ದಾನೆ. ಮಾರುವುದು ಯಾವುದು, ಇಟ್ಟುಕೊಳ್ಳುವುದು ಯಾವುದು ಎಂದು ಚೀಟಿ ಅಂಟಿಸುತ್ತಿದ್ದಾನೆ. ಮಕ್ಕಳಿಗೆ ನನ್ನ ಮುದ್ದು. ಮಗಳು ಹೊತ್ತಿಗೆ ಸರಿಯಾಗಿ ಊಟ ಮಾಡಲಿ, ನೀವೂ ಕೂಡ.

ಇಂತಿ ನಿಮ್ಮ,
ಚಿಕ್ಕಿ

ತಾ.ಕ.: ಲಕೋಟೆ ಅಂಟಿಸಲು ಹೋಗಿ ಮತ್ತೆ ತೆರೆದೆ. ಕೊನೆಯ ಪುಟದಲ್ಲಿ ಹದಿನಾಲ್ಕನೇ ಟಿಪ್ಪಣಿ ಒಂದಿದೆ, ‘ಹಿಂದಿನ ವರ್ಷದ ತಪ್ಪಿನ ತಿದ್ದುಪಡಿ’ ಎಂದು. ಅಣ್ಣ ಅಲ್ಲಿಯವರೆಗೆ ಓದಿಲ್ಲ. ನೀವು ಓದಿ. ಮುಚ್ಚಿಹೋದ ಗಾಜಿನ ಕಾರ್ಖಾನೆಯಿಂದ ನಮಗೆ ಹದಿನಾಲ್ಕು ಲಕ್ಷ ಬರಬೇಕಿತ್ತು. ವರ್ಷ ದಾಟಿತ್ತು, ಬರುವುದಿಲ್ಲವೆಂದು ನನಗೆ ಗೊತ್ತಿತ್ತು, ಕಳೆದ ವರ್ಷವೇ ತೆಗೆದುಹಾಕಬೇಕಿತ್ತು. ಆಗ ಅಣ್ಣ ಆಸ್ಪತ್ರೆಯಿಂದ ಬಂದು ವಾರವಾಗಿತ್ತು. ನಷ್ಟದ ಅಂಕಿ ತೋರಿಸಲು ಮನಸ್ಸಾಗದೆ ಆ ಬಾಕಿಯನ್ನು ‘ಬರತಕ್ಕದ್ದು’ ಎಂದೇ ಉಳಿಸಿದೆ. ಯಾರೂ ನನಗೆ ಹೇಳಿಕೊಟ್ಟದ್ದಲ್ಲ. ನಿಜಕ್ಕೆ ಎಂಟು ಲಕ್ಷ ನಷ್ಟ, ನಾನು ಬರೆದದ್ದು ಆರು ಲಕ್ಷ ಲಾಭ. ಅಣ್ಣ ಈ ಆಫೀಸು ಹಿಡಿದದ್ದು, ನಿಮ್ಮ ಮನೆ ಅಡವಿಟ್ಟದ್ದು ಆ ಆರು ಲಕ್ಷವನ್ನು ನಂಬಿ. ಯಾರು ತಿಂದರು ಎಂದು ಅವನು ಕೇಳಿದಾಗ ನಾನು ಬಾಯಿ ಬಿಡದಿದ್ದುದು ಅದಕ್ಕೆ. ಮೇಷ್ಟ್ರಿಗೆ ಹೇಳಿದ್ದೇನೆ. ಆಡಿಟರ್ ಹುಡುಗಿಗೂ ಹೇಳಿದ್ದೇನೆ. ಅಣ್ಣನಿಗೆ ನಾನೇ ಹೇಳುತ್ತೇನೆಂದು ಅವಳಿಗೆ ಮಾತು ಕೊಟ್ಟು ಐದು ದಿನವಾಯಿತು. ಅವನು ಹತ್ತು ಹೆಜ್ಜೆ ದೂರದಲ್ಲಿದ್ದಾನೆ, ಗಾಜಿನಾಚೆ ಕಾಣುತ್ತಿದ್ದಾನೆ. ಈ ಕಾಗದ ನಿಮ್ಮ ಕೈ ಸೇರಿದ ಮೇಲೆ ಅವನಿಗೆ ಫೋನ್ ಮಾಡಿ. ಚಿಕ್ಕಿ ಏನಾದರೂ ಹೇಳಿದಳಾ ಎಂದು ಕೇಳಿ. ಹೇಳಿದಳು ಎಂದು ಅವನ ಬಾಯಿಂದಲೇ ಬರುವ ತನಕ ಸಹಿ ಮಾಡಬೇಡಿ.